ಹಿಂದಿನ ಸೀಟಿನಿಂದ ಮುಂದಕ್ಕೆ

ನಮ್ಮ ಕಡೆ ಮೋಟಾರ್ ಸೈಕಲ್ಲಿನ ಮೇಲೆ ಹೆಂಗಸರಿಗೆ ಒಂದು ಜಾಗ ಕಾಯಂ ಆಗಿದೆ. ಗಂಡನ ಹಿಂದೆ ಒಂದೇ ಮಗ್ಗುಲಾಗಿ ಕೂತು, ಎರಡೂ ಕಾಲನ್ನು ಎಡಕ್ಕೆ ಇಳಿಬಿಟ್ಟು, ಬಲಗೈಯಿಂದ ಅವನ ಹೆಗಲು ಹಿಡಿದು, ಎಡಗೈಯಲ್ಲಿ ಚೀಲವನ್ನೋ ಕೂಸನ್ನೋ ಸೆರಗನ್ನೋ ಸಂಭಾಳಿಸುವುದು. ಈ ಜಾಗಕ್ಕೆ ಸರ್ಕಾರದ ಒಪ್ಪಿಗೆಯೂ ಇದೆಯೆನ್ನಬೇಕು. ಹಿಂದೆ ಕೂತವರಿಗೆ ಹಿಡಿಕೆ, ಕಾಲಿಡಲು ಆಸರೆ, ಬಟ್ಟೆ ಸಿಕ್ಕದಂತೆ ಹಿಂದಿನ ಚಕ್ರದ ಅರ್ಧದಷ್ಟನ್ನಾದರೂ ಮುಚ್ಚುವ ಕಾವಲು ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಬರೆದಿದ್ದಾರೆ.

ಹೀಗೆ ಕೂತವಳಿಗೆ ಕಾಣುವುದು ರಸ್ತೆಯ ಎಡಬದಿ ಮಾತ್ರ. ಹೋಗುವಾಗ ಒಂದು ಕಡೆಯ ಹೊಲ, ಬರುವಾಗ ಇನ್ನೊಂದು ಕಡೆಯ ಹೊಲ. ನವಲಗುಂದ ತಾಲೂಕಿನ ಶಾಲೆಗಳಲ್ಲಿ ಪಾಠ ಹೇಳುತ್ತ ಇಪ್ಪತ್ತಾರು ವರ್ಷ ನಾನು ಹಾಗೆಯೇ ಓಡಾಡಿದೆ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಬಿಳಿಜೋಳ, ಕುಸುಬಿ. ಯಾವ ಹೊಲದಲ್ಲಿ ಯಾವ ವರ್ಷ ಏನು ಬೆಳೆದಿತ್ತೆಂದು ಕೇಳಿದರೆ ಹೇಳಬಲ್ಲೆ. ಎದುರಿನಿಂದ ಬರುವ ರಸ್ತೆಯನ್ನು ಮಾತ್ರ ನಮ್ಮ ಮನೆಯವರ ಬೆನ್ನಿಗೆ ಬಿಟ್ಟುಬಿಟ್ಟಿದ್ದೆ.

2023ರ ಬೇಸಿಗೆಯಲ್ಲಿ ಅವರ ಕಣ್ಣಿಗೆ ಗ್ಲಾಕೋಮಾ ಆಗಿದೆಯೆಂದು ಗೊತ್ತಾಯಿತು. ಕಣ್ಣಿನ ನರವನ್ನು ಮೆಲ್ಲಗೆ ಕೊರೆಯುವ ರೋಗವದು. ಸಾಮಾನ್ಯವಾಗಿ ನೋವಿರುವುದಿಲ್ಲ. ಮೊದಲು ಅಕ್ಕಪಕ್ಕದ ನೋಟ ಹೋಗುತ್ತದೆ, ನೇರ ಎದುರಿನದು ಬಹುಕಾಲ ಉಳಿದಿರುತ್ತದೆ. ಹೀಗಾಗಿ ರೋಗಿಗೆ ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ. ಹೋದ ನೋಟ ಮರಳಿ ಬರುವುದಿಲ್ಲ. ಉಳಿದದ್ದನ್ನು ಹನಿ ಔಷಧ ಹಾಕಿಕೊಂಡು ಕಾಯಬೇಕು. ಡಾಕ್ಟರು ಹೇಳಿದ ಮೊದಲ ಪಥ್ಯವೆಂದರೆ ಗಾಡಿ ಓಡಿಸಬಾರದು. ಮನೆಗೆ ಬಂದವರೇ ಇವರು ಕೀಲಿಯನ್ನು ದೇವರ ಮನೆಯ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದರು. ಒಂದು ಮಾತೂ ಆಡಲಿಲ್ಲ.

ಅದೇ ವರ್ಷ ಜೂನ್ 11ರಂದು ಶಕ್ತಿ ಯೋಜನೆ ಬಂತು. ರಾಜ್ಯದ ಸಾರಿಗೆ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಪುಕ್ಕಟೆ ಪ್ರಯಾಣ. ನನಗೂ ಅನುಕೂಲವಾಯಿತು, ಸುಳ್ಳು ಹೇಳಬಾರದು. ಆದರೆ ಬಸ್ಸು ನನ್ನನ್ನು ಹೆದ್ದಾರಿಯ ಕ್ರಾಸಿನವರೆಗೆ ಮುಟ್ಟಿಸುತ್ತಿತ್ತು. ಅಲ್ಲಿಂದ ಶಾಲೆಯ ಊರಿಗೆ ಒಳಗೆ ನಾಲ್ಕು ಕಿಲೊಮೀಟರು. ಟಂಟಂ ತುಂಬುವವರೆಗೆ ಕಾಯಬೇಕು, ಇಲ್ಲವೆ ಹಾದು ಹೋಗುವ ಯಾರದೋ ಗಾಡಿಗೆ ಕೈ ಮಾಡಬೇಕು. ಊರವರು ಒಳ್ಳೆಯವರು, ಯಾರೂ ಒಲ್ಲೆ ಅನ್ನಲಿಲ್ಲ. ಆದರೂ ದಿನಾ ಬೆಳಗಾದರೆ ಒಬ್ಬರ ಮುಖ ನೋಡಿ, ‘ಬಿಡ್ತೀರೇನ್ರಿ?’ ಎಂದು ಕೇಳುವುದಿದೆಯಲ್ಲ, ಅದರ ಭಾರ ಕೇಳಿದವರಿಗೇ ಗೊತ್ತು. ಇನ್ನು ಮನೆಯವರನ್ನು ತಿಂಗಳು ಎರಡು ತಿಂಗಳಿಗೊಮ್ಮೆ ಹುಬ್ಬಳ್ಳಿಯ ಕಣ್ಣಿನ ದವಾಖಾನೆಗೆ ಕರೆದೊಯ್ಯುವ ಕೆಲಸ ಬೇರೆ. ಅಂಗಳದಲ್ಲಿ ತಾಡಪತ್ರಿ ಹೊದ್ದು ನಿಂತ ಸ್ಪ್ಲೆಂಡರ್ ಗಾಡಿಯನ್ನು ದಿನಾ ದಾಟಿ ಹೋಗುತ್ತಿದ್ದೆ. ದೀಪಾವಳಿ ಮುಗಿದ ಮೇಲೆ ಒಂದು ರವಿವಾರ ಕೀಲಿ ಇಳಿಸಿಕೊಂಡೆ.

‘ಸ್ಕೂಟಿ ಕಲೀರಿ ಅಕ್ಕೋರ, ಹೆಣ್ಣಮಕ್ಕಳಿಗೆ ಅದ ಚಲೋ’ ಎಂದವರು ಬಹಳ. ಗೇರಿಲ್ಲದ ಗಾಡಿ ಕಲಿಯುವುದು ಸುಲಭವೆಂಬುದು ನಿಜ. ಆದರೆ ಹೊಸದಕ್ಕೆ ದುಡ್ಡು ಬೇಕು; ಇದು ಮನೆಯಲ್ಲೇ ಇತ್ತು. ಇನ್ನೊಂದು ಕಾರಣ ನಮ್ಮ ಎರೆಮಣ್ಣು. ಸ್ಕೂಟರಿನ ಚಕ್ರ ಹತ್ತು-ಹನ್ನೆರಡು ಇಂಚು, ಮೋಟಾರ್ ಸೈಕಲ್ಲಿನದು ಹದಿನೆಂಟು ಇಂಚು. ಬಂಡಿಜಾಡು ಬಿದ್ದ ನಮ್ಮ ರಸ್ತೆಯಲ್ಲಿ ದೊಡ್ಡ ಚಕ್ರ ದಾಟುವ ತಗ್ಗಿನಲ್ಲಿ ಸಣ್ಣ ಚಕ್ರ ಕೂತುಬಿಡುತ್ತದೆ.

ಅತ್ತಿಗೆ ಸುದ್ದಿ ಮುಟ್ಟಿತು. ‘ಅಲ್ಲವಾ, ಮೊಮ್ಮಕ್ಕಳನ್ನ ಎತ್ತೂ ವಯಸ್ಸಿನ್ಯಾಗ ಫಟಫಟಿ ಹತ್ತತೀ ಏನ?’ ಅಂದರು. ಸಿಟ್ಟಿರಲಿಲ್ಲ, ಅಂಜಿಕೆ ಇತ್ತು. ಮಗನ ಕಣ್ಣು ಹೋಗುತ್ತಿರುವ ಮನೆಯಲ್ಲಿ ಸೊಸೆಯ ಕಾಲೂ ಮುರಿದರೆ ಹೇಗೆಂಬುದು ಅವರ ಲೆಕ್ಕ. ಆ ಲೆಕ್ಕ ನನಗೂ ಇತ್ತು.

ಕಲಿಸುವವರು ಯಾರು? ಮೈದುನನ ಮಗ ತಯಾರಿದ್ದ. ಆದರೆ ನಮ್ಮ ಮನೆಯವರು ಸುಮ್ಮನೆ ಎದ್ದು ಚಪ್ಪಲಿ ಮೆಟ್ಟಿ, ‘ನಡೀ, ನಾನ ಬರ್ತೀನಿ’ ಅಂದರು. ಹುಡುಗ ಗಾಡಿಯನ್ನು ಊರ ಹೊರಗಿನ ಬಯಲಿಗೆ ಮುಟ್ಟಿಸಿ ಹೋದ. ಇವರು ಬೇವಿನ ಗಿಡದ ಬುಡದಲ್ಲಿ ನಿಂತರು. ನಾನು ದೂರ ಹೋದಂತೆ ಅವರಿಗೆ ನಾನು ಸರಿಯಾಗಿ ಕಾಣುತ್ತಿರಲಿಲ್ಲ. ಅವರು ಕಲಿಸಿದ್ದು ಕಿವಿಯಿಂದ.

ಹೊಸದಾಗಿ ಕಲಿಯುವವರಿಗೆ ಕಷ್ಟವೆಲ್ಲ ಕ್ಲಚ್ಚಿನಲ್ಲಿದೆ. ಎಂಜಿನ್ನಿನ ಜೊತೆ ತಿರುಗುವ ತಟ್ಟೆಗಳು ಕೆಲವು, ಚಕ್ರದ ಕಡೆಗೆ ಸೇರಿದ ತಟ್ಟೆಗಳು ಕೆಲವು. ಸ್ಪ್ರಿಂಗು ಅವನ್ನು ಒಂದಕ್ಕೊಂದು ಒತ್ತಿ ಹಿಡಿದಿರುತ್ತದೆ. ಎಡಗೈಯ ಹಿಡಿಕೆ ಒತ್ತಿದರೆ ಬಿಡಿಸಿಕೊಳ್ಳುತ್ತವೆ. ನಾನು ಇದನ್ನು ಪಂಚಮಿಯ ಫುಗಡಿಯಿಂದ ತಿಳಿದುಕೊಂಡೆ. ಒಬ್ಬಳು ಆಗಲೇ ಗಿರ್ರನೆ ತಿರುಗುತ್ತಿದ್ದಾಳೆ, ಇನ್ನೊಬ್ಬಳು ನಿಂತಿದ್ದಾಳೆ. ಗಪ್ಪನೆ ಕೈ ಹಿಡಿದರೆ ಇಬ್ಬರೂ ಬೀಳುತ್ತಾರೆ. ಮೆಲ್ಲಗೆ ಹಿಡಿದರೆ ನಿಂತವಳಿಗೂ ತಿರುಗು ಹತ್ತುತ್ತದೆ. ಮೊದಲ ದಿನ ಗಾಡಿ ಕುಪ್ಪಳಿಸಿ ಕುಪ್ಪಳಿಸಿ ಹದಿನೇಳು ಸಲ ಬಂದಾಯಿತು. ಇವರು ಗಿಡದ ಬುಡದಿಂದ ಹೇಳಿದರು: ‘ಕೈ ನೋಡಬ್ಯಾಡ, ದನಿ ಕೇಳು. ಬಿಡಕೋತ ಬಂದಂಗ ಎಂಜಿನ್ ದನಿ ಭಾರ ಆಕ್ಕೈತಿ. ಅಲ್ಲೇ ಕೈ ನಿಂದರ್ಸು. ಗಾಡಿ ತಾನ ಎದ್ದು ನಡೀತೈತಿ.’ ಹದಿನೆಂಟನೆಯ ಸಲ ಎದ್ದು ನಡೆಯಿತು.

ಆಮೇಲೆ ಗೇರು. ನಮ್ಮ ಗಾಡಿಗೆ ನಾಲ್ಕು. ನಾಲ್ಕನ್ನೂ ಕಾಲ್ಬೆರಳಿನ ಕಡೆ ಒತ್ತಿ ಏರಿಸಬೇಕು, ಹಿಮ್ಮಡಿಯಿಂದ ಒತ್ತಿ ಇಳಿಸಬೇಕು. ಬೇರೆ ಕೆಲವು ಗಾಡಿಗಳಲ್ಲಿ ಒಂದು ಕೆಳಗೆ, ಉಳಿದವು ಮೇಲೆ. ಕಲಿಯುವವರು ಯಾವುದೆಂದು ಮೊದಲೇ ಕೇಳಿಕೊಳ್ಳಬೇಕು. ನಾನು ಬಯಲಿನ ಆ ತುದಿಯಲ್ಲಿದ್ದಾಗಲೂ, ‘ಮೂರರಾಗ ಅದೀ, ಎರಡಕ್ಕ ಬಾ’ ಎಂಬ ಕೂಗು ಬರುತ್ತಿತ್ತು. ಆ ದಿನಗಳಲ್ಲಿ ಅವರ ದನಿಗೆ ಹಳೆಯ ಗಟ್ಟಿತನ ಬಂದಿದ್ದನ್ನು ಗಮನಿಸಿದೆ. ಮನೆಯಲ್ಲಿ ಚಹದ ಕಪ್ಪಿಗೂ ತಡಕಾಡುತ್ತಿದ್ದವರು ಬಯಲಲ್ಲಿ ಮಾಸ್ತರರಾಗಿದ್ದರು. ಕಲಿಯಬೇಕೆಂಬ ನನ್ನ ಹಟ ಇಮ್ಮಡಿಯಾದದ್ದು ಆಗಲೇ.

ನೂರಾಹತ್ತು ಕಿಲೊದಷ್ಟು ತೂಕದ ಗಾಡಿಯನ್ನು ಹೆಣ್ಣುಮಗಳು ಸ್ಟ್ಯಾಂಡಿಗೆ ಹಾಕುವುದು ಹೇಗೆಂದು ನನಗೆ ಚಿಂತೆಯಿತ್ತು. ಅದು ತೋಳಿನ ಕೆಲಸವೇ ಅಲ್ಲ. ನಡುವಿನ ಸ್ಟ್ಯಾಂಡಿನ ಎರಡೂ ಕಾಲು ನೆಲಕ್ಕೆ ಊರಿದವೆಂದು ಖಾತ್ರಿ ಮಾಡಿಕೊಂಡು, ಅದರ ಮೇಲೆ ಬಲಗಾಲಿಟ್ಟು ಮೈಭಾರ ಬಿಟ್ಟರೆ ಗಾಡಿ ತಾನೇ ಹಿಂದೆ ಸರಿದು ಏರುತ್ತದೆ. ಐವತ್ತು ದಾಟಿದ ಮೈಗೆ ಭಾರಕ್ಕೇನು ಬರವೇ? ಬ್ರೇಕಿನ ಪಾಠವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಗಟ್ಟಿ ರಸ್ತೆಯಲ್ಲಿ ಗಾಡಿಯನ್ನು ಹೆಚ್ಚು ತಡೆಯುವುದು ಮುಂದಿನ ಬ್ರೇಕು, ಏಕೆಂದರೆ ನಿಲ್ಲುವಾಗ ಭಾರವೆಲ್ಲ ಮುಂದಕ್ಕೆ ವಾಲುತ್ತದೆ. ಕೆಸರಿನಲ್ಲಿ ಅದನ್ನೇ ಹಿಂಡಿದರೆ ಮುಂದಿನ ಚಕ್ರ ಜಾರಿ ಮಲಗಿಸುತ್ತದೆ.

ಬಟ್ಟೆಯ ಮಾತೂ ಬಂತು. ಸೀರೆಯುಟ್ಟು ಕಾಲು ದಾಟಿಸಿ ಕೂಡಲಾಗದು. ಎರಡು ಜೊತೆ ಚೂಡಿದಾರ ಹೊಲಿಸಿದೆ. ಓಣಿಯಲ್ಲಿ ಎರಡು ದಿನ ಅದೇ ಸುದ್ದಿ. ಆಗ ನನಗೆ ಧೈರ್ಯ ಕೊಟ್ಟವರು ಅಮೆರಿಕದ ಅಕ್ಕತಂಗಿಯರಿಬ್ಬರು: ಅಗಸ್ಟಾ ಮತ್ತು ಅಡೆಲೀನ್ ವ್ಯಾನ್ ಬ್ಯೂರೆನ್. 1916ರ ಜುಲೈಯಲ್ಲಿ ನ್ಯೂಯಾರ್ಕಿನಿಂದ ಹೊರಟು, ಇಡೀ ದೇಶವನ್ನು ಮೋಟಾರ್ ಸೈಕಲ್ ಮೇಲೆ ದಾಟಿ ಸೆಪ್ಟೆಂಬರಿನಲ್ಲಿ ಲಾಸ್ ಏಂಜಲೀಸ್ ಮುಟ್ಟಿದವರು. ಅವರ ಗಾಡಿಯ ಕಂಪನಿಯ ಹೆಸರು ‘ಇಂಡಿಯನ್’ ಎಂದು ಓದಿ ನನಗೆ ನಗು ಬಂತು. ದಾರಿಯಲ್ಲಿ ಗಂಡಸರ ಉಡುಪು ತೊಟ್ಟಿದ್ದಾರೆಂದು ಪೊಲೀಸರು ಅವರನ್ನು ಹಿಡಿದರು; ಕೊಲೊರಾಡೊದ ಬೆಟ್ಟಗಳಲ್ಲಿ ಗಾಡಿಗಳು ಕೆಸರಲ್ಲಿ ಹೂತವು. ಉಡುಪಿನ ಮಾತು ಮತ್ತು ಕೆಸರು: ಎರಡೂ ನನಗೆ ಪರಿಚಯದವೇ. ಅವರಲ್ಲಿ ಅಡೆಲೀನ್ ಶಾಲೆಯ ಟೀಚರು ಎಂಬುದು ಇನ್ನಷ್ಟು ಹತ್ತಿರವೆನಿಸಿತು.

ಅಷ್ಟು ದೂರ ಹೋಗುವುದೇಕೆ? 1990ರ ದಶಕದ ಮೊದಲಿಗೆ ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನದ ಜೊತೆಗೆ ಹಳ್ಳಿಯ ಹೆಂಗಸರು ಸಾವಿರ ಸಾವಿರ ಸಂಖ್ಯೆಯಲ್ಲಿ ಸೈಕಲ್ ಕಲಿತರು. ಜಿಲ್ಲಾಧಿಕಾರಿಯಾಗಿದ್ದ ಶೀಲಾ ರಾಣಿ ಚುಂಕತ್ ಅದಕ್ಕೆ ಒತ್ತಾಸೆಯಾಗಿದ್ದರು. ನಮ್ಮ ರಾಜ್ಯದಲ್ಲಿ 2006-07ರಲ್ಲಿ ಎಂಟನೇ ಇಯತ್ತೆಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಶುರುವಾದಾಗ ಅದರ ಅರ್ಥ ನನ್ನ ಕಣ್ಣೆದುರೇ ಕಂಡಿತು. ಏಳನೇ ಇಯತ್ತೆಗೆ ನಿಲ್ಲಬೇಕಿದ್ದ ಹುಡುಗಿಯರು ಪಕ್ಕದ ಊರಿನ ಪ್ರೌಢಶಾಲೆಗೆ ಸಾಲುಗಟ್ಟಿ ತುಳಿದುಕೊಂಡು ಬಂದರು. ನಾನು ಅವರ ಹಾಜರಿ ಹಾಕುತ್ತಿದ್ದೆ, ಹಿಂದಿನ ಸೀಟಿನಲ್ಲಿ ಬಂದು.

ಲೈಸೆನ್ಸಿನ ಕೆಲಸವೂ ಒಂದು ಶಾಲೆಯೇ. ನಲವತ್ತು ದಾಟಿದವರಿಗೆ ಡಾಕ್ಟರ ಪ್ರಮಾಣಪತ್ರ ಬೇಕು. ಮೊದಲು ಕಲಿಯುವವರ ಲೈಸೆನ್ಸು, ಅದಕ್ಕೆ ರಸ್ತೆ ಚಿಹ್ನೆಗಳ ಪರೀಕ್ಷೆ. ಅದು ಆರು ತಿಂಗಳು ನಡೆಯುತ್ತದೆ. ಮೂವತ್ತು ದಿನ ಕಳೆದ ಮೇಲೆ ಓಡಿಸಿ ತೋರಿಸಬಹುದು. ಅಲ್ಲಿಯತನಕ ಗಾಡಿಗೆ ಬಿಳಿಯ ಹಲಗೆಯ ಮೇಲೆ ಕೆಂಪು ‘ಎಲ್’ ಅಕ್ಷರ. ಕಲಿಸುವವರ ಹೊರತು ಹಿಂದೆ ಯಾರನ್ನೂ ಕೂಡಿಸಿಕೊಳ್ಳುವಂತಿಲ್ಲ. ಪರೀಕ್ಷೆಯ ದಿನ ಸಾಲಿನಲ್ಲಿ ನಿಂತವರೆಲ್ಲ ಮೀಸೆ ಚಿಗುರಿದ ಹುಡುಗರು. ಒಬ್ಬ ನನ್ನ ಹಳೆಯ ವಿದ್ಯಾರ್ಥಿ. ನೆಲದ ಮೇಲೆ ಎಂಟರ ಅಂಕಿ ಬರೆದಿದ್ದರು; ಕಾಲೂರದೆ ಅದರ ಮೇಲೆ ಗಾಡಿ ಓಡಿಸಬೇಕು. ಹುಡುಗ ಕಿವಿಯ ಹತ್ತಿರ ಬಂದು, ‘ಚಕ್ರ ನೋಡಬ್ಯಾಡ್ರಿ ಅಕ್ಕೋರ, ಹೋಗೂ ಕಡೆ ನೋಡ್ರಿ’ ಅಂದ. ನನ್ನ ಕೈಯಲ್ಲಿ ಅಂಕಿ ತಿದ್ದಿದವನು ನನಗೆ ಎಂಟು ತಿದ್ದಿಸಿದ. ಪಾಸಾದೆ.

ನಿಜವಾದ ಪರೀಕ್ಷೆ ಮುಂದಿನ ಮಳೆಗಾಲದಲ್ಲಿತ್ತು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುವ ನಮ್ಮ ಎರೆಮಣ್ಣು ಒಂದು ಹದ ಮಳೆಗೆ ಅಂಟಿನಂತಾಗುತ್ತದೆ. ಚಕ್ರಕ್ಕೆ ಮೆತ್ತಿ ಮೆತ್ತಿ ಮಡ್‌ಗಾರ್ಡಿನಲ್ಲಿ ತುಂಬಿಕೊಂಡು ಚಕ್ರ ತಿರುಗುವುದನ್ನೇ ನಿಲ್ಲಿಸುತ್ತದೆ. ಈ ಕಡೆಯ ರೈತರು ಗಾಡಿಗೆ ಒಂದು ಕಟ್ಟಿಗೆ ತುಂಡು ಸಿಕ್ಕಿಸಿಕೊಂಡು ಹೋಗುವುದೇಕೆಂದು ಆಗ ತಿಳಿಯಿತು. ಮಣ್ಣು ಕೆದಕಿ ತೆಗೆಯಲು. ನಾನೂ ಒಂದನ್ನು ಸಿಕ್ಕಿಸಿಕೊಂಡೆ. ಮಳೆ ಜೋರಾದ ದಿನ ಗಟ್ಟಿ ರಸ್ತೆಯ ಬದಿಯ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, ಚಪ್ಪಲಿ ಕೈಯಲ್ಲಿ ಹಿಡಿದು ನಡೆದೇ ಹೋಗುತ್ತೇನೆ. ಯಾವಾಗ ಓಡಿಸಬಾರದೆಂದು ಗೊತ್ತಾಗುವುದೂ ಕಲಿಕೆಯ ಒಂದು ಪಾಠ.

ಲೈಸೆನ್ಸು ಬಂದ ವಾರ ಮನೆಯವರನ್ನು ದವಾಖಾನೆಗೆ ಕರೆದುಕೊಂಡು ಹೊರಟೆ. ಇಬ್ಬರಿಗೂ ಹೆಲ್ಮೆಟ್ಟು. ಅವರು ಹಿಂದೆ ಹತ್ತಿ ಕೂತರು. ಕೈ ಎಲ್ಲಿಡಬೇಕೆಂದು ತಿಳಿಯದೆ ಒಂದು ಗಳಿಗೆ ಗಾಳಿಯಲ್ಲೇ ಹಿಡಿದಿದ್ದರು. ಆಮೇಲೆ ಹಿಂದಿನ ಹಿಡಿಕೆ ಹಿಡಿದರು. ಕಟ್ಟೆಯ ಮೇಲಿನ ಹಿರಿಯರೊಬ್ಬರು, ‘ಏನಪಾ, ಹಿಂದ ಕುಂತೀ?’ ಅಂದರು. ನನ್ನ ಎದೆ ಧಸಕ್ಕೆಂದಿತು. ಇವರು ಶಾಂತವಾಗಿ, ‘ನಾನ ಕಲಿಸೀನಿ. ಹೆಂಗ ಹೊಡೀತಾಳ ನೋಡಬೇಕಲ್ಲ’ ಅಂದರು. ನೋಡಬೇಕು ಎಂಬ ಮಾತು ಅವರ ಬಾಯಿಂದ ಬಂದದ್ದಕ್ಕೆ ನಾನು ಗಾಡಿ ಚಾಲೂ ಮಾಡಲು ಸ್ವಲ್ಪ ಹೊತ್ತು ಹಿಡಿಯಿತು.

ಊರ ಹೊರಗೆ ರಸ್ತೆ ಉಬ್ಬು ಬಂತು. ಅವರಿಗೆ ಅದು ಕಂಡಿರಲಿಲ್ಲ. ಗಾಡಿ ಜಿಗಿದಾಗ ಅವರ ಕೈ ನನ್ನ ಹೆಗಲಿಗೆ ಬಂತು, ಅಲ್ಲೇ ಉಳಿಯಿತು. ಇಪ್ಪತ್ತಾರು ವರ್ಷ ನನ್ನ ಕೈ ಅವರ ಹೆಗಲ ಮೇಲೆ ಎಷ್ಟು ಭಾರವಾಗಿತ್ತೆಂದು ಅವತ್ತು ತಿಳಿಯಿತು. ಹಿಂದೆ ಕೂತವರು ನಂಬಿದರೆ ಸಾಕು. ಮುಂದೆ ಕೂತವರು ಆ ನಂಬಿಕೆಯನ್ನು ಪ್ರತಿ ತಗ್ಗಿನಲ್ಲೂ ದಾಟಿಸಬೇಕು. ‘ಬಲಕ್ಕ ಏನ ಬೆಳೆದಾರ?’ ಎಂದು ಕೇಳಿದರು. ‘ಹೆಸರರೀ. ಹೂ ಬಿಟ್ಟೈತಿ’ ಅಂದೆ. ಹುಬ್ಬಳ್ಳಿ ಮುಟ್ಟುವತನಕ ಅವರು ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ.

ನನ್ನ ಲೈಸೆನ್ಸಿನ ಮೇಲೆ ಮುದ್ದತ್ತಿನ ತಾರೀಖಿದೆ. 2019ರ ತಿದ್ದುಪಡಿಯ ಪ್ರಕಾರ ಐವತ್ತರಿಂದ ಐವತ್ತೈದರ ಒಳಗೆ ಲೈಸೆನ್ಸು ಪಡೆದವರಿಗೆ ಅದು ಅರವತ್ತು ತುಂಬುವವರೆಗೆ. ನೌಕರಿ ಮುಗಿಯುವುದೂ ಅರವತ್ತಕ್ಕೇ. ನೌಕರಿಯನ್ನು ಮುಂದುವರಿಸಲು ಬಾರದು. ಲೈಸೆನ್ಸನ್ನು ಮಾತ್ರ ಐದೈದು ವರ್ಷಕ್ಕೆ ನವೀಕರಿಸಬಹುದು. ಇದನ್ನು ಅತ್ತಿಗೆ ಹೇಳಿದೆ. ‘ಹಂಗಾರ ಪಿಂಚಣಿ ಬಂದ ಮ್ಯಾಲೆ ನನ್ನ ಯಲ್ಲಮ್ಮನ ಗುಡ್ಡಕ್ಕ ಕರಕೊಂಡ ಹೋಗವಾ’ ಅಂದರು. ನಿಮ್ಮ ಮನೆಯಲ್ಲೂ ಗೋಡೆಯ ಮೊಳೆಗೆ ಕೀಲಿಯೊಂದು ತೂಗುತ್ತಿದ್ದರೆ, ಅಕ್ಕಂದಿರೇ, ಒಮ್ಮೆ ಇಳಿಸಿ ನೋಡಿರಿ.