ಕೋಟೆ ಹತ್ತುವ ಮುನ್ನ ಪಾದ ನೋಡಿ

ಪ್ರವಾಸವೆಂದರೆ ನಮ್ಮ ಮನೆಗಳಲ್ಲಿ ಮೊದಲು ನೆನಪಾಗುವುದು ಬುತ್ತಿ. ಬಿರಿಯಾನಿಯ ಪಾತ್ರೆ, ನೀರಿನ ಕ್ಯಾನು, ಮಕ್ಕಳ ಬಟ್ಟೆ, ಮುಸಲ್ಲಾ ಎಲ್ಲವೂ ಹಿಂದಿನ ರಾತ್ರಿಯೇ ಸಿದ್ಧವಾಗುತ್ತವೆ. ಕಾಲಿಗೆ ಏನು ಹಾಕಿಕೊಳ್ಳಬೇಕೆಂಬ ಯೋಚನೆ ಮಾತ್ರ ಹೊರಡುವ ಗಳಿಗೆಯಲ್ಲಿ ಬಾಗಿಲ ಬಳಿ ಬರುತ್ತದೆ. ಒಂದು ಡಿಸೆಂಬರಿನಲ್ಲಿ ನಾವೂ ಹಾಗೆಯೇ ಹೊರಟಿದ್ದೆವು.

ಸಾಗರದಲ್ಲಿ ನಾದಿನಿಯ ಮನೆ. ಅಲ್ಲಿ ಉಳಿದು ಮೂರು ದಿನಗಳಲ್ಲಿ ಕೆಳದಿ ಅರಸರ ಊರುಗಳನ್ನು ಮಕ್ಕಳಿಗೆ ತೋರಿಸುವುದೆಂದು ತೀರ್ಮಾನಿಸಿದ್ದೆವು. ಕೆಳದಿ, ಇಕ್ಕೇರಿಗಳು ಸಾಗರದ ಹತ್ತಿರದಲ್ಲೇ ಇವೆ. ಅವರ ನಂತರದ ರಾಜಧಾನಿ ಬಿದನೂರು, ಅಂದರೆ ಇಂದಿನ ನಗರ, ಹೊಸನಗರ ತಾಲೂಕಿನಲ್ಲಿದೆ. ಕವಲೇದುರ್ಗ ತೀರ್ಥಹಳ್ಳಿ ತಾಲೂಕಿನದು. ಕೊನೆಯ ದಿನ ಜೋಗ. ಜೋಗ ನೋಡಬೇಕೆಂಬುದು ನನ್ನ ಅತ್ತೆಯ ಬಹುದಿನದ ಆಸೆ.

ಮೊದಲ ದಿನ ಇಕ್ಕೇರಿಯ ಅಘೋರೇಶ್ವರ ದೇವಾಲಯದ ಶಿಲ್ಪಕಲೆ ನೋಡಿ, ನಗರಕ್ಕೆ ಹೋದೆವು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ಅದಕ್ಕೆ ಹೈದರನಗರವೆಂದು ಹೆಸರಿಟ್ಟ. ಇಂದು ಉಳಿದಿರುವುದು ಅದರ ‘ನಗರ’ ಮಾತ್ರ ಎಂದಾಗ ಮಕ್ಕಳು ನಕ್ಕರು. ಕೋಟೆಯ ಏರಿನಲ್ಲಿ ನನ್ನ ಹೊಸ ಚಪ್ಪಲಿ ಹಿಮ್ಮಡಿಯನ್ನು ಕಚ್ಚತೊಡಗಿತು. ಮದುವೆಗೆಂದು ಕೊಂಡ ಎತ್ತರದ ಚಪ್ಪಲಿ ಅದು. ಮಗಳೂ ಕಾಲು ನೋವೆಂದು ಅಳುತ್ತಿದ್ದಳು. ಅತ್ತೆ ಮಾತ್ರ ತುಟಿ ಬಿಚ್ಚಲಿಲ್ಲ.

ಮರುದಿನ ಕವಲೇದುರ್ಗ. ಗದ್ದೆಯ ಅಂಚಿನಿಂದ ಶುರುವಾಗುವ ದಾರಿ ಕಾಡು ಹೊಕ್ಕು ಮೇಲೇರುತ್ತದೆ. ಹಳೆಯ ಕಲ್ಲುಹಾಸು ನುಣುಪಾಗಿದೆ, ಕೆಲವೆಡೆ ಪಾಚಿಯೂ ಇದೆ. ಒಂದರ ನಂತರ ಒಂದು ಹೆಬ್ಬಾಗಿಲು ದಾಟಿ, ಕೊಳ, ಅರಮನೆಯ ಅಡಿಪಾಯ ಎಲ್ಲವನ್ನೂ ನೋಡಿ ಇಳಿದೆವು. ಅತ್ತೆ ನಮ್ಮೆಲ್ಲರಿಗಿಂತ ಗಟ್ಟಿಯಾಗಿ ನಡೆದರು. “ಅಮ್ಮಾ, ಸುಸ್ತಾಯಿತೇ?” ಎಂದು ಕೇಳಿದರೆ, “ನನಗೇನೂ ಆಗಿಲ್ಲ ಮಗಾ” ಎಂದರು.

ರಾತ್ರಿ ಸಾಗರದ ಮನೆಯಲ್ಲಿ ಇಶಾ ನಮಾಝಿಗಾಗಿ ವುಝೂ ಮಾಡಿ ಬಂದ ಅವರು ಕಾಲೊರೆಸಿದ ಟವೆಲಿನಲ್ಲಿ ರಕ್ತದ ಕಲೆ ಕಂಡಿತು. ಬಲಗಾಲಿನ ಹೆಬ್ಬೆರಳ ಬುಡದಲ್ಲಿ ದೊಡ್ಡ ಗುಳ್ಳೆಯೊಂದು ಒಡೆದು ಹಸಿಗಾಯವಾಗಿತ್ತು. ಅವರಿಗೆ ಅದು ಗೊತ್ತೇ ಇರಲಿಲ್ಲ!

ಅತ್ತೆಗೆ ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ. ಈ ಕಾಯಿಲೆಯಲ್ಲಿ ಪಾದದ ನರಗಳು ದುರ್ಬಲವಾದರೆ ನೋವು ತಿಳಿಯುವುದಿಲ್ಲ, ಗಾಯ ಬೇಗ ಮಾಯುವುದೂ ಇಲ್ಲ. ಕಡೆಗಣಿಸಿದರೆ ಬೆರಳನ್ನೇ ಕಳೆದುಕೊಳ್ಳುವವರೂ ಇದ್ದಾರೆ. ಮರುದಿನ ಜೋಗದ ಬದಲು ವೈದ್ಯರ ಬಳಿ ಹೋದೆವು. ಗಾಯ ಒಣಗಲು ಒಂದು ತಿಂಗಳು ಹಿಡಿಯಿತು. ಅಳುತ್ತಿದ್ದ ಮಗಳನ್ನು ಸಂತೈಸುತ್ತಾ, ಸುಮ್ಮನಿದ್ದ ಅತ್ತೆಯನ್ನು ಮರೆತಿದ್ದೆನಲ್ಲಾ ಎಂದು ನನಗೆ ತುಂಬ ನೋವಾಯಿತು.

ಮುಂದಿನ ಪ್ರವಾಸಕ್ಕೆ ಎರಡು ವಾರ ಮೊದಲೇ ಶೂ ಕೊಂಡೆವು. ಆಗ ಕಲಿತದ್ದನ್ನು ಸಹೋದರಿಯರಿಗೂ ಹೇಳುತ್ತೇನೆ. ಸಂಜೆಯ ಹೊತ್ತಿಗೆ ಪಾದ ತುಸು ಊದಿಕೊಂಡಿರುತ್ತದೆ, ಅಂಗಡಿಗೆ ಆಗಲೇ ಹೋಗಿ. ಎರಡೂ ಕಾಲಿಗೆ ಹಾಕಿ, ನಿಂತು, ನಡೆದು ನೋಡಿ. ಎರಡು ಪಾದಗಳಲ್ಲಿ ದೊಡ್ಡದಕ್ಕೆ ಸರಿಯಾದ ಅಳತೆ ಆರಿಸಿ. ಉದ್ದದ ಬೆರಳಿನ ಮುಂದೆ ಹೆಬ್ಬೆರಳಗಲದ ಜಾಗವಿರಲಿ, ಇಲ್ಲವಾದರೆ ಇಳಿಜಾರಿನಲ್ಲಿ ಉಗುರು ಬಡಿಯುತ್ತದೆ. ಹಿಮ್ಮಡಿ ಜಾರಬಾರದು. ಅಡಿಯ ಅಟ್ಟೆಯಲ್ಲಿ ಆಳವಾದ ಗೀರುಗಳಿರಲಿ. ವುಝೂವಿಗೆ ಮತ್ತೆ ಮತ್ತೆ ಬಿಚ್ಚಬೇಕಾಗುವುದರಿಂದ ಅಂಟುಪಟ್ಟಿಯ ಶೂ ಅನುಕೂಲ. ವುಝೂವಿನ ನಂತರ ಬೆರಳ ಸಂದುಗಳನ್ನು ಚೆನ್ನಾಗಿ ಒರೆಸಿಕೊಳ್ಳಿ. ಒದ್ದೆ ಕಾಲಿಗೆ ಶೂ ಹಾಕಿದರೆ ಗುಳ್ಳೆ ಏಳುವುದು ಸುಲಭ. ಬುರ್ಖಾದ ಅಂಚು ಮೆಟ್ಟಿಲಲ್ಲಿ ಕಾಲಿಗೆ ಸಿಗದಷ್ಟು ಮೇಲಿರಲಿ. ಮಳೆಗಾಲದಲ್ಲಿ ಇಲ್ಲಿನ ಕಾಡುಗಳಲ್ಲಿ ಇಂಬಳದ ಕಾಟವೂ ಇರುವುದರಿಂದ ಉದ್ದನೆಯ ಕಾಲುಚೀಲ ಬೇಕು. ಒದ್ದೆಯಾದ ಶೂ ಒಳಗೆ ಹಳೆಯ ಪತ್ರಿಕೆ ತುರುಕಿಟ್ಟರೆ ಬೇಗ ಒಣಗುತ್ತದೆ.

ಸಕ್ಕರೆ ಕಾಯಿಲೆಯಿರುವ ಹಿರಿಯರಿದ್ದರೆ, ಹಾಕುವ ಮುನ್ನ ಶೂ ಒಳಗೆ ಕೈಯಾಡಿಸಿ ಕಲ್ಲು, ಮುಳ್ಳು ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಚಪ್ಪಲಿ ಬಿಡಲೇಬೇಕಾದ ಕಡೆ ಬಿಸಿಲಿಗೆ ಕಾದ ಕಲ್ಲಿನ ಮೇಲೆ ಅವರನ್ನು ಬರಿಗಾಲಲ್ಲಿ ನಡೆಸಬೇಡಿ. ರಾತ್ರಿ ಅವರ ಅಂಗಾಲನ್ನು ನೀವೇ ನೋಡಿ.

ಮರುವರ್ಷದ ಅಕ್ಟೋಬರಿನಲ್ಲಿ ಅತ್ತೆಯನ್ನು ಜೋಗಕ್ಕೆ ಕರೆದೊಯ್ದೆವು. ಬುಡಕ್ಕೆ ಸುಮಾರು 1400 ಮೆಟ್ಟಿಲುಗಳಿವೆ. ಎಷ್ಟೇ ಒಳ್ಳೆಯ ಶೂ ಇದ್ದರೂ ಅಷ್ಟು ಇಳಿದು ಹತ್ತುವುದು ಎಲ್ಲರ ಮಂಡಿಗೂ ಹೇಳಿಸಿದ್ದಲ್ಲ. ನಾವು ಮೇಲೆಯೇ ನಿಂತೆವು. ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ 253 ಮೀಟರ್ ಕೆಳಕ್ಕೆ ಧುಮುಕುತ್ತಿದ್ದವು. “ಸುಬ್‌ಹಾನಲ್ಲಾಹ್” ಎಂದು ಅತ್ತೆ ಬಹಳ ಹೊತ್ತು ನೋಡುತ್ತಾ ನಿಂತರು.

ಆ ರಾತ್ರಿ ಅವರ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ದೀಪದ ಬೆಳಕಿನಲ್ಲಿ ನೋಡಿದೆ. ಎಲ್ಲಿಯೂ ಒಂದು ಗೀರಿರಲಿಲ್ಲ. ಅಲ್‌ಹಮ್ದುಲಿಲ್ಲಾಹ್! “ನನ್ನ ಕಾಲನ್ನು ಇಷ್ಟು ಹೊತ್ತು ಯಾರೂ ನೋಡಿರಲಿಲ್ಲ” ಎಂದು ಅವರು ನಕ್ಕರು.