ಹಾಡು ಯಾವಾಗ ಶುರುವಾಗ್ತೈತೆ?

ಅಕ್ಕನ ಮಗ ತಾನು ಕಟ್ಟಿದ ಬೀಟನ್ನು ಜಗಲಿಯ ಮೇಲೆ ಕೂತವರಿಗೆಲ್ಲ ಕೇಳಿಸುತ್ತಿದ್ದ. ಆಂಧ್ರದ ಗಡಿಯ ಮಡಕಶಿರಾ ಕಡೆಯ ಹಳ್ಳಿ, ಸಂಜೆ ಹೊತ್ತು, ಅಂಗೈಯಗಲದ ಸ್ಪೀಕರು. ಊರಿನ ಹಿರಿಯರೊಬ್ಬರು ಬಹಳ ಹೊತ್ತು ತಾಳ್ಮೆಯಿಂದ ಕೇಳಿ ಕೊನೆಗೆ, “ಹಾಡು ಯಾವಾಗ ಶುರುವಾಗ್ತೈತಪ್ಪಾ?” ಅಂದರು. “ಶುರುವಾಗೈತೆ ತಾತ, ಇದೇ” ಅಂದ ಹುಡುಗ. ಅವರು ನಕ್ಕರು, ಎಲ್ಲರೂ ನಕ್ಕರು. ಹುಡುಗ ಸ್ಪೀಕರ್ ಆರಿಸಿ ಒಳಗೆ ಹೋದ. ನೋಯಿಸಬೇಕೆಂದು ಆಡಿದ ಮಾತಲ್ಲ ಅದು. ಆದರೂ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಏಕೆಂದರೆ ಆ ಪ್ರಶ್ನೆ ತಾತನೊಬ್ಬರದೇ ಅಲ್ಲ. 2024ರಲ್ಲಿ ಬೆಂಗಳೂರಿನ ರ‍್ಯಾಪರ್ ಹನುಮನ್‌ಕೈಂಡ್ ಹಾಡಿದ ‘ಬಿಗ್ ಡಾಗ್ಸ್’ ಜಗತ್ತನ್ನೇ ಸುತ್ತಿ ಬಂತು. ಜಾತ್ರೆಯ ಮರಣಬಾವಿಯಲ್ಲಿ ಬೈಕು, ಕಾರು ಸುತ್ತುವ ಆ ವಿಡಿಯೊ ನಮ್ಮ ಕಡೆಯ ಹುಡುಗರ ಫೋನುಗಳಲ್ಲೂ ಓಡಾಡಿತು. ಎದೆಗೆ ಗುದ್ದುವ ಆ ಬೀಟ್ ಕಟ್ಟಿದವರು ಕಲ್ಮಿ ಎಂಬ ಪ್ರೊಡ್ಯೂಸರ್. ಹಾಡಿನ ಹೆಸರಿನ ಜೊತೆಗೇ ಅವರ ಹೆಸರೂ ಇದೆ. ಆದರೆ ಅದೇ ಹುಡುಗರನ್ನು ಕೇಳಿ ನೋಡಿ, ಹನುಮನ್‌ಕೈಂಡ್ ಗೊತ್ತು, ಕಲ್ಮಿ ಯಾರು ಅನ್ನುತ್ತಾರೆ. ಹಿಪ್‌ಹಾಪ್‌ನಲ್ಲಿ ಪ್ರೊಡ್ಯೂಸರ್ ಅಂದರೆ ದುಡ್ಡು ಹಾಕುವವರಲ್ಲ. ದನಿಗಳನ್ನು ಹುಡುಕಿ, ಕತ್ತರಿಸಿ, ಜೋಡಿಸಿ, ರ‍್ಯಾಪರ್ ನಿಲ್ಲಲು ನೆಲ ಮಾಡಿಕೊಡುವವರು. ರಾಯದುರ್ಗದ ಜೀನ್ಸ್ ಕಾರ್ಖಾನೆಯ ಕಟಿಂಗ್ ಮಾಸ್ಟರ್ ಇದ್ದ ಹಾಗೆ ಅವರು. ಅಂಗಡಿಯಲ್ಲಿ ತೂಗುಹಾಕಿದ ಪ್ಯಾಂಟಿನಲ್ಲಿ ನಮಗೆ ಕಾಣುವುದು ಬಣ್ಣ, ಹೊಲಿಗೆ, ಲೇಬಲ್ಲು. ಅದು ಮೈಗೆ ಕೂರುತ್ತದೋ ಇಲ್ಲವೋ ಎನ್ನುವುದು ಕತ್ತರಿ ಆಡಿದಾಗಲೇ ತೀರ್ಮಾನವಾಗಿರುತ್ತದೆ.

ದೊಡ್ಡ ಊರುಗಳಲ್ಲಿ ಈಗ ಇಂಥವರನ್ನು ನಡುವೆ ಕೂರಿಸಿಕೊಂಡು ಕೇಳುವ ಸಂಜೆಗಳು ನಡೆಯುತ್ತವೆ. ಕುಣಿತವಿಲ್ಲ, ಹೊಗೆ ಬಿಡುವ ಯಂತ್ರವಿಲ್ಲ. ಪ್ರೊಡ್ಯೂಸರ್ ಲ್ಯಾಪ್‌ಟಾಪ್ ತೆರೆದು ಮುಗಿದ ಹಾಡನ್ನು ಒಮ್ಮೆ ಪೂರ್ತಿ ಕೇಳಿಸುತ್ತಾರೆ. ಆಮೇಲೆ ಒಂದೊಂದೇ ಪದರ ಬಿಚ್ಚುತ್ತಾರೆ. ರ‍್ಯಾಪರ್ ದನಿ ಹೋಗುತ್ತದೆ, ತಂತಿಯ ನಾದ ಹೋಗುತ್ತದೆ, ಬಾಸ್ ಹೋಗುತ್ತದೆ, ಬರಿಯ ಬಡಿತ ಉಳಿಯುತ್ತದೆ. ಮತ್ತೆ ಒಂದೊಂದಾಗಿ ಸೇರಿಸುತ್ತಾ ಬರುತ್ತಾರೆ. “ಆ ಕಿರ್ ಅನ್ನೋ ಸದ್ದು ಎಲ್ಲಿ ಸಿಕ್ತು?” ಎಂದು ಯಾರೋ ಕೇಳುತ್ತಾರೆ. ಅಲ್ಲಿಂದ ಮಾತು ಬೆಳೆಯುತ್ತದೆ. ಇಂಥದ್ದೊಂದು ಸಂಜೆ ರಾಯದುರ್ಗದಲ್ಲಿ, ಇನ್ನೊಂದು ಮಡಕಶಿರಾದಲ್ಲಿ ಆಗಲೇಬೇಕು ಎನ್ನುವುದು ನನ್ನ ಹಟ.

ಹಿಪ್‌ಹಾಪ್ ಹುಟ್ಟಿದ್ದೂ ಸಭಾಂಗಣದಲ್ಲಲ್ಲ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಸೆಡ್ಜ್‌ವಿಕ್ ಅವೆನ್ಯೂದ 1520ನೇ ನಂಬರಿನ ಕಟ್ಟಡದ ಕೆಳಗಿನ ಕೋಣೆಯಲ್ಲಿ, ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಶಾಲೆಗೆ ಹೊಸ ಬಟ್ಟೆ ಕೊಳ್ಳುವ ದುಡ್ಡಿಗಾಗಿ ಒಂದು ಪಾರ್ಟಿ ಮಾಡಿದಳು. ರೆಕಾರ್ಡ್ ಹಾಕಲು ನಿಂತವನು ಅವಳ ಅಣ್ಣ, ಜಮೈಕಾದಿಂದ ಬಂದಿದ್ದ ಕ್ಲೈವ್. ಮುಂದೆ ಲೋಕ ಅವನನ್ನು ಡಿಜೆ ಕೂಲ್ ಹರ್ಕ್ ಎಂದು ಗುರುತಿಸಿತು. ಹಾಡಿನ ನಡುವೆ ಎಲ್ಲರೂ ಸುಮ್ಮನಾಗಿ ಡ್ರಮ್ ಒಂದೇ ಉಳಿಯುವ ಗಳಿಗೆ ಇರುತ್ತದಲ್ಲ, ಜನ ಕಾಯುವುದು ಅದಕ್ಕೇ ಎಂದು ಅವನು ಕಂಡುಕೊಂಡ. ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು ಆ ಗಳಿಗೆಯನ್ನೇ ಎಳೆದು ಉದ್ದ ಮಾಡಿದ. ಹಾಡಿನವರು ಬಾಯಿ ಮುಚ್ಚಿದಲ್ಲಿ ಅವನಿಗೆ ಹಾಡು ಶುರುವಾಗಿತ್ತು.

ಡ್ರಮ್ ಒಂದೇ ಉಳಿಯುವ ಆ ಗಳಿಗೆಯ ಬಗ್ಗೆ ಹೇಳಲೇಬೇಕಾದ ಇನ್ನೊಂದು ಕತೆ ಇದೆ. 1969ರಲ್ಲಿ ವಾಷಿಂಗ್ಟನ್ನಿನ ‘ದಿ ವಿನ್‌ಸ್ಟನ್ಸ್’ ತಂಡ ‘ಆಮೆನ್ ಬ್ರದರ್’ ಎಂಬ ಹಾಡನ್ನು ರೆಕಾರ್ಡಿನ ಹಿಂಬದಿಗೆ ತುಂಬಲೆಂದು ನುಡಿಸಿತು. ಅದರಲ್ಲಿ ಗ್ರೆಗರಿ ಕೋಲ್ಮನ್ ಒಬ್ಬರೇ ಡ್ರಮ್ ಬಾರಿಸುವುದು ಆರೇಳು ಸೆಕೆಂಡು ಅಷ್ಟೇ. ಆ ತುಣುಕನ್ನು ಎತ್ತಿಕೊಂಡ ಹಾಡುಗಳು ಸಾವಿರಾರು. 1988ರಲ್ಲಿ ಎನ್‌ಡಬ್ಲ್ಯುಎ ಎಂಬ ರ‍್ಯಾಪ್ ತಂಡದ ಹಾಡಿನಲ್ಲಿ ಬಂತು, ಇಂಗ್ಲೆಂಡಿನಲ್ಲಿ ಜಂಗಲ್ ಎಂಬ ಇಡೀ ಸಂಗೀತ ಪ್ರಕಾರವೇ ಅದರ ಮೇಲೆ ನಿಂತಿತು. ಕೋಲ್ಮನ್ ಅವರಿಗೆ ಅದರಿಂದ ಬಿಡಿಗಾಸೂ ಬರಲಿಲ್ಲ. 2006ರಲ್ಲಿ ಅಟ್ಲಾಂಟಾದಲ್ಲಿ ತಲೆಯ ಮೇಲೊಂದು ಸೂರಿಲ್ಲದ ಸ್ಥಿತಿಯಲ್ಲಿ ತೀರಿಕೊಂಡರು. 2015ರಲ್ಲಿ ಬ್ರಿಟನ್ನಿನ ಡಿಜೆ ಒಬ್ಬರು ಚಂದಾ ಎತ್ತಿ, ತಂಡದ ನಾಯಕ ರಿಚರ್ಡ್ ಸ್ಪೆನ್ಸರ್ ಅವರಿಗೆ 24 ಸಾವಿರ ಪೌಂಡ್ ತಲುಪಿಸಿದರು. ಒಳ್ಳೆಯ ಮನಸ್ಸಿನ ಕೆಲಸ. ಬಾರಿಸಿದವರು ಆ ಹೊತ್ತಿಗೆ ಇರಲಿಲ್ಲ.

ಈ ಕತೆ ಓದಿದಾಗ ನನಗೆ ಹೇಮಾವತಿ ನೆನಪಾಯಿತು. ಮಡಕಶಿರಾ ಸೀಮೆಯ ಅಮರಾಪುರದ ಹತ್ತಿರದ ಈ ಊರೇ ನೊಳಂಬ ಅರಸರ ರಾಜಧಾನಿಯಾಗಿದ್ದ ಹೆಂಜೇರು. ಕರಿಗಲ್ಲನ್ನು ಅವರಷ್ಟು ನುಣುಪಾಗಿ ಕಡೆದವರು ಕಡಿಮೆ. ಅಲ್ಲಿಯ ಕಂಬಗಳಲ್ಲಿ ಕೆಲವು ಈಗ ಕಾವೇರಿ ತೀರದ ತಿರುವೈಯಾರಿನ ದೇವಸ್ಥಾನದಲ್ಲಿವೆ. ಚೋಳರು ಗೆದ್ದು ಹೊತ್ತೊಯ್ದವು ಅವು ಎಂದು ಇತಿಹಾಸಕಾರರು ಗುರುತಿಸಿದ್ದಾರೆ. ತ್ಯಾಗರಾಜರ ಆರಾಧನೆ ನಡೆಯುವ ಅದೇ ತಿರುವೈಯಾರು. ಸಂಗೀತ ಕೇಳಲು ಅಲ್ಲಿಗೆ ಹೋದವರಲ್ಲಿ ಎಷ್ಟು ಜನ ಆ ಕಂಬಗಳ ಮುಂದೆ ನಿಂತು ಇದು ಹೆಂಜೇರಿನ ಉಳಿ ಅಂದುಕೊಂಡಾರು? ಕಂಬ ಅಲ್ಲಿ ಚೆನ್ನಾಗಿಯೇ ನಿಂತಿದೆ, ಭಾರವನ್ನೂ ಹೊತ್ತಿದೆ. ಕಡೆದವನ ಊರು ಮಾತ್ರ ಕಳೆದುಹೋಗಿದೆ.

ಇನ್ನು ನಮ್ಮ ಉರುಮೆ. ಮಡಕಶಿರಾ, ಪಾವಗಡ, ಶಿರಾ ಸೀಮೆಯ ದೇವರ ಕಾರ್ಯಗಳಲ್ಲಿ ಈ ವಾದ್ಯ ಕೇಳಿದವರು ಅದನ್ನು ಮರೆಯುವುದಿಲ್ಲ. ಒಂದು ಬದಿಯನ್ನು ಕೋಲಿನಿಂದ ಬಡಿಯುತ್ತಾರೆ, ಇನ್ನೊಂದು ಬದಿಯ ಚರ್ಮವನ್ನು ಬಾಗಿದ ಕೋಲಿನಿಂದ ಉಜ್ಜುತ್ತಾರೆ. ಉಜ್ಜಿದಾಗ ಹೊರಡುವ ನಾದ ಒಂದೇ ಕಡೆ ನಿಲ್ಲದೆ ಜಾರುತ್ತದೆ, ಹೊಟ್ಟೆಯೊಳಗೆ ಇಳಿಯುತ್ತದೆ. ಜಪಾನಿನ ರೋಲ್ಯಾಂಡ್ ಕಂಪನಿ 1980ರಲ್ಲಿ ತಂದ 808 ಎಂಬ ಡ್ರಮ್ ಯಂತ್ರದ ಬಾಸನ್ನು ಇಂದಿನ ಪ್ರೊಡ್ಯೂಸರುಗಳು ಮೇಲಿಂದ ಕೆಳಕ್ಕೆ ಜಾರಿಸುತ್ತಾರಲ್ಲ, ಅದಕ್ಕೆ ಹುಡುಗರು ಹುಚ್ಚೆದ್ದು ತಲೆ ಆಡಿಸುತ್ತಾರಲ್ಲ, ಆ ಜಾರು ಉರುಮೆಯಲ್ಲಿ ಎಂದಿನಿಂದಲೋ ಇದೆ. ಇವತ್ತು ಯಾರು ಬೇಕಾದರೂ ಜಾತ್ರೆಗೆ ಬಂದು ಫೋನಿನಲ್ಲಿ ಅದನ್ನು ಹಿಡಿದುಕೊಂಡು ಹೋಗಬಹುದು. ನಾಳೆ ಅದು ಯಾವುದೋ ಸಿನಿಮಾದ ಫೈಟಿನ ಹಿಂದೆ ಕೇಳಿಬರಬಹುದು. ಉರುಮೆ ಉಜ್ಜಿದವರು ಟಿಕೆಟ್ ಕೊಂಡು ಅದೇ ಸಿನಿಮಾ ನೋಡಿ, ತಮ್ಮದೇ ಕೈ ಎಂದು ಗೊತ್ತಾಗದೆ ಮನೆಗೆ ಬರಬಹುದು. ಇದನ್ನು ನೆನೆದರೆ ನನಗೆ ನಿಜವಾಗಿ ಸಂಕಟವಾಗುತ್ತದೆ.

ಹೀಗೆಯೇ ಆಗಬೇಕೆಂದೇನೂ ಇಲ್ಲ. 2021ರಲ್ಲಿ ಬಂದ ‘ಸಲಗ’ ಚಿತ್ರಕ್ಕೆ ಸಂಗೀತ ನಿರ್ದೇಶಕ ಚರಣ್ ರಾಜ್ ಅವರು ಸಿದ್ದಿ ಸಮುದಾಯದ ಹಾಡುಗಾರ್ತಿಯರಾದ ಗಿರಿಜಾ ಸಿದ್ದಿ, ಗೀತಾ ಸಿದ್ದಿ ಅವರನ್ನೇ ಕರೆತಂದು ಹಾಡಿಸಿದರು. ಹಾಡಿನ ಜೊತೆಗೆ ಅವರ ಹೆಸರೂ ಮುಖವೂ ಓಡಾಡಿದವು. ಮನಸ್ಸಿದ್ದರೆ ಅಷ್ಟು ಮಾಡಬಹುದು. ಆದ್ದರಿಂದಲೇ ನಾನು ಬಯಸುವ ಸಂಜೆಯಲ್ಲಿ ಪ್ರೊಡ್ಯೂಸರ್ ಪಕ್ಕದಲ್ಲಿ ಉರುಮೆಯವರಿಗೂ ಒಂದು ಕುರ್ಚಿ ಇರಬೇಕು. ಬೀಟಿನ ಪದರ ಬಿಚ್ಚಿದ ಹಾಗೆ ಉರುಮೆಯವರೂ ತಮ್ಮ ಬಡಿತವನ್ನು ಬಿಚ್ಚಿ ಕೇಳಿಸಲಿ. ದೇವರು ಹೊರಡುವಾಗ ಯಾವ ಗತಿ, ಮೈಮೇಲೆ ಬರುವಾಗ ಯಾವುದು, ಗುಡಿ ಸೇರಿದ ಮೇಲೆ ಯಾವುದು, ಇದನ್ನೆಲ್ಲ ಯಾರೂ ಅವರನ್ನು ಕೂರಿಸಿ ಕೇಳುವುದಿಲ್ಲ. “ಬಾರ್ಸಪ್ಪಾ” ಅನ್ನುತ್ತಾರೆ, ಮುಗಿದ ಮೇಲೆ “ಸಾಕು ನಿಲ್ಸಪ್ಪಾ” ಅನ್ನುತ್ತಾರೆ.

ನಮ್ಮ ಜನಕ್ಕೆ ಕೇಳುವ ತಾಳ್ಮೆ ಇಲ್ಲ ಎಂದು ಯಾರಾದರೂ ಅಂದರೆ ನಾನು ಜಗಳಕ್ಕೇ ನಿಲ್ಲುತ್ತೇನೆ. ರಾಯದುರ್ಗದ ಕಡೆ, ಬಳ್ಳಾರಿಯ ಕಡೆ, ಬಯಲಾಟ ನೋಡುವವರು ಬೆಳಕು ಹರಿಯುವವರೆಗೆ ಕೂರುತ್ತಾರೆ. ವೇಷ ರಂಗಕ್ಕೆ ಬರುವ ಮುಂಚೆ ಹಿಮ್ಮೇಳದವರು ಮದ್ದಳೆಗೆ ಕೈ ಹಚ್ಚಿದರೆ, ಆಟ ಯಾವಾಗ ಶುರು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಮದ್ದಳೆ ಎದ್ದರೆ ಆಟ ಎದ್ದ ಹಾಗೆ. ಜಗಲಿಯ ಆ ತಾತನಿಗೂ ಇದು ಚೆನ್ನಾಗಿ ಗೊತ್ತು. ಹುಡುಗನ ಬೀಟೂ ಅದೇ ಜಾತಿಯದು ಎಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ. ನಮ್ಮ ಸಂಜೆಯಲ್ಲಿ ಮೊದಲ ಸಾಲಿನ ಕುರ್ಚಿ ಅವರಿಗೇ.

ಗಡಿಯ ಮಾತು ಎತ್ತದೆ ಈ ಊರುಗಳ ಬಗ್ಗೆ ಬರೆಯಲಾಗುವುದಿಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅತ್ತ ಹೋದವು. ಮಡಕಶಿರಾ 2022ರಲ್ಲಿ ಅನಂತಪುರ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಎರಡೂ ಊರುಗಳನ್ನು ಜೋಡಿಸಬೇಕಾದ ತುಮಕೂರು–ರಾಯದುರ್ಗ ರೈಲು ಮಾರ್ಗವನ್ನು ವರ್ಷಗಳಿಂದ ಕಟ್ಟುತ್ತಲೇ ಇದ್ದಾರೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಫೋನಿನಲ್ಲಿ ಎರಡೂ. ಇಲ್ಲಿ ಸಾಹಿತ್ಯದ ಸಭೆ ಮಾಡಿದರೆ ಕನ್ನಡದವರು ಒಂದು ಕಡೆ, ತೆಲುಗಿನವರು ಇನ್ನೊಂದು ಕಡೆ ಕೂರುತ್ತಾರೆ. ಬೀಟ್ ಕೇಳಲು ಕೂತ ಹುಡುಗರನ್ನು ಹಾಗೆ ಬೇರೆ ಮಾಡಲು ಆಗುವುದಿಲ್ಲ, ಬೀಟಿನ ಮೇಲೆ ಯಾವ ನುಡಿಯನ್ನು ಹತ್ತಿಸಬೇಕು ಎಂಬ ಜಗಳ ಆಮೇಲೆ ಬರಲಿ. ಅದೂ ಒಳ್ಳೆಯ ಜಗಳವೇ. ಕನ್ನಡ ಮಾಧ್ಯಮದ ಶಾಲೆಯಲ್ಲಿ ಓದಿದ ಹುಡುಗಿಯೊಬ್ಬಳು ಎದ್ದು ನಮ್ಮ ಊರಿನ ಕನ್ನಡದಲ್ಲೇ, ‘ಐತೆ’ ‘ಬತ್ತೈತೆ’ಗಳ ಕನ್ನಡದಲ್ಲೇ, ನಾಲ್ಕು ಸಾಲು ಒಗೆದರೆ ಅದನ್ನು ಕೇಳುವ ಆಸೆ ನನಗಿದೆ.

ಕಡ್ಲೆಕಾಯಿ ಕಿತ್ತು ಮುಗಿಯಲಿ, ಆಮೇಲೆ ಜನಕ್ಕೆ ಬಿಡುವು. ಶಾಲೆಯ ಅಂಗಳ ಸಾಕು, ಎರಡು ಒಳ್ಳೆಯ ಸ್ಪೀಕರ್ ಬಾಡಿಗೆಗೆ ಸಿಗುತ್ತವೆ. ಅಕ್ಕನ ಮಗನಿಗೆ ಹೇಳಿಯಾಗಿದೆ, ಕೇಳುತ್ತಲೇ ಪಟ್ಟಿ ಮಾಡಲು ಕೂತಿದ್ದಾನೆ. ಚಹಾ ಖರ್ಚು ನನ್ನದು. ಉರುಮೆಯವರ ಸಂಭಾವನೆಯನ್ನು ಮಾತ್ರ ಮೊದಲೇ ಅವರ ಕೈಗೆ ಕೊಡಬೇಕು, ರೆಕಾರ್ಡಿಂಗ್ ಬಟನ್ ಒತ್ತುವುದು ಆಮೇಲೆ.