ನೀರಿನ ಜೋಕು, ಕಡಲ ಊರು

1997ರಲ್ಲಿ ಮಂಗಳೂರಿನಲ್ಲಿ 66ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಅಧ್ಯಕ್ಷರು ಕಯ್ಯಾರ ಕಿಞ್ಞಣ್ಣ ರೈ. ನಮ್ಮ ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಮೇಷ್ಟ್ರುಗಳಿಗೆ ಅದಕ್ಕಿಂತ ದೊಡ್ಡ ಸುದ್ದಿ ಎಂದರೆ, ಹೋದವರಿಗೆ ಓಓಡಿ ಸಿಗುತ್ತದೆ ಎನ್ನುವುದು. ಪ್ರತಿನಿಧಿ ಶುಲ್ಕ ಕಟ್ಟಿ, ಹಾಜರಾತಿ ಪತ್ರ ತಂದು ಕೊಟ್ಟರೆ ರಜೆ ಖರ್ಚಾಗದೆ ಸಮುದ್ರ ನೋಡಿ ಬರಬಹುದು. ಸಾಹಿತ್ಯದ ಮೇಲೆ ಪ್ರೀತಿ ಇದ್ದವರೂ ಕೆಲವರಿದ್ದರು. ಅವರನ್ನೂ ಕರೆದುಕೊಂಡು ಹೋದೆವು.

ಇಳಿದುಕೊಂಡದ್ದು ಒಂದು ಶಾಲೆಯ ಕೊಠಡಿಯಲ್ಲಿ. ರಾತ್ರಿ ಬೆಂಚು ಜೋಡಿಸಿ ಮಲಗುವ ಮುಂಚೆ ಬೇರೆ ಬೇರೆ ಜಿಲ್ಲೆಯವರ ಹಾಡು, ಹರಟೆ. ನನ್ನ ಸರದಿ ಬಂದಾಗ ಊರಿನ ಕಥೆ ತೆಗೆದೆ: 'ನಿಮ್ಮಲ್ಲಿ ಬಾವಿಗೆ ತೆಂಗಿನಕಾಯಿ ಬಿದ್ದರೆ ಬಗ್ಗಿ ಕೈಯಲ್ಲೇ ಎತ್ತಿಕೊಳ್ತೀರಿ. ನಮ್ಮಲ್ಲಿ ಬೋರ್‌ವೆಲ್‌ಗೆ ಕಲ್ಲು ಹಾಕಿ, ಮನೆಗೆ ಹೋಗಿ ಮುದ್ದೆ ಉಂಡು ಬಂದು ಸದ್ದು ಕೇಳಿಸ್ಕೊಳ್ತೀವಿ.' ಬಾಗಿಲಲ್ಲಿ ನಿಂತಿದ್ದ ಸ್ಥಳೀಯ ಮೇಷ್ಟ್ರೊಬ್ಬರು ಗೋಡೆ ಹಿಡಿದುಕೊಂಡು ನಕ್ಕರು. ಆಮೇಲೆ ಆ ಕಡೆಯಿಂದ ನನಗೆ ಕರೆ ಬರತೊಡಗಿದ್ದು ಅವರಿಂದಲೇ.

ನಮ್ಮ ಊರುಗಳಲ್ಲಿ ಹಾಸ್ಯಕ್ಕೆ ಪ್ರತ್ಯೇಕ ವೇದಿಕೆ ಎಂಬುದೇ ಇರಲಿಲ್ಲ. ಪೌರಾಣಿಕ ನಾಟಕದಲ್ಲಿ ದುರ್ಯೋಧನನ ಕಿರೀಟ ಸರಿಯಾಗುವ ತನಕ ಪರದೆಯ ಮುಂದೆ ಯಾರಾದರೂ ಏನಾದರೂ ಮಾತಾಡಬೇಕು. ಹಾರ್ಮೋನಿಯಂ ಮೇಷ್ಟ್ರು ಕಣ್ಣು ಮಾಡಿದರೆ ನಾನು ನುಗ್ಗುತ್ತಿದ್ದೆ. ಪದ್ಯ ಕನ್ನಡದಲ್ಲಿ, ತಮಾಷೆ ಅರ್ಧ ತೆಲುಗಿನಲ್ಲಿ. ಶಿಡ್ಲಘಟ್ಟದ ಗಣೇಶೋತ್ಸವದಲ್ಲಿ ಸಂಭಾವನೆಯ ಕವರು ಆ ವಾರದ ರೇಷ್ಮೆಗೂಡಿನ ಹರಾಜನ್ನು ಅವಲಂಬಿಸಿತ್ತು. ರೇಟು ಏರಿದ್ದರೆ ರೀಲರುಗಳು ಮುಖ ಗಂಟು ಹಾಕಿಕೊಂಡು, ರೈತರು ಹಲ್ಲು ಬಿಟ್ಟುಕೊಂಡು ಕೂತಿರುತ್ತಿದ್ದರು, ಇಳಿದಿದ್ದರೆ ಉಲ್ಟಾ. ಎರಡೂ ಕಡೆ ಒಟ್ಟಿಗೆ ನಗುವ ವಾರ ನನಗೆ ನೆನಪಿಲ್ಲ. ಚಿಂತಾಮಣಿಯಲ್ಲಿ ಟೊಮ್ಯಾಟೊ, ಚಿಕ್ಕಬಳ್ಳಾಪುರದಲ್ಲಿ ದ್ರಾಕ್ಷಿ ಇದೇ ಕೆಲಸ ಮಾಡುತ್ತಿದ್ದವು. ಗೌರಿಬಿದನೂರಿನಲ್ಲಿ ಮಾತ್ರ ಕಷ್ಟ ಬೇರೆ. ಅದು ಹೊಸೂರಿನ ಎಚ್. ನರಸಿಂಹಯ್ಯನವರ ತಾಲ್ಲೂಕು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದವರು ಅವರು. ಅಲ್ಲಿ ದೆವ್ವದ ಜೋಕು ಹೇಳಿದರೆ ಹುಡುಗರು ನಕ್ಕ ಮೇಲೆ ಎದ್ದು ನಿಂತು, 'ಸಾರ್, ಪುರಾವೆ ಏನು?' ಎನ್ನುತ್ತಿದ್ದರು.

ಕರಾವಳಿಯ ಪ್ರೇಕ್ಷಕರು ಇದ್ಯಾವುದಕ್ಕೂ ಸಿಗುವವರಲ್ಲ. ಪೆರುವೋಡಿ ನಾರಾಯಣ ಭಟ್ಟರಂಥ ಯಕ್ಷಗಾನದ ಹಾಸ್ಯಗಾರರನ್ನು ರಾತ್ರಿಯಿಡೀ ನೋಡಿದವರು, ದೇವದಾಸ್ ಕಾಪಿಕಾಡರ ತುಳು ನಾಟಕಕ್ಕೆ ಟಿಕೆಟು ಕೊಂಡು ಹೋಗುವವರು. ತಾಳಮದ್ದಳೆ ಕೇಳಿದ ಕಿವಿ ಬೇರೆ: ಮಾತಿನ ಎದುರು ಮಾತು ಏನು ಬರುತ್ತದೆ ಎಂದು ಕಾಯುತ್ತದೆ. ಹಾಗಾಗಿ ನಗು ತಡವಾಗಿ ಬರುತ್ತದೆ, ಬಂದರೆ ನಿಲ್ಲುತ್ತದೆ. ಅರ್ಧ ತೆಲುಗಿನ ಸರಕು ಅಲ್ಲಿ ಓಡಲಿಲ್ಲ. ಕುಚ್ಚಲಕ್ಕಿ ಅನ್ನ ಮತ್ತು ಮುದ್ದೆಯ ಜಗಳ ಸ್ವಲ್ಪ ಓಡಿತು. ನಿಂತದ್ದು ನೀರು. ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬೀಳುವ ಊರಿನವರಿಗೆ, ಏಳುನೂರು ಚಿಲ್ಲರೆಯಲ್ಲಿ ಬದುಕುವವನ ಪಾಡು ಒಳ್ಳೆಯ ತಮಾಷೆಯಾಗಿ ಕಂಡಿತು. 'ನಿಮ್ಮ ಚರಂಡಿಯಲ್ಲಿ ಹರಿಯುವುದು ನಮ್ಮ ಕೆರೆ ತುಂಬುತ್ತೆ, ಕಳಿಸಿಕೊಡಿ' ಎಂದರೆ ಚಪ್ಪಾಳೆ.

2014ರ ಮಾರ್ಚ್‌ನಲ್ಲಿ ಎತ್ತಿನಹೊಳೆ ಯೋಜನೆಗೆ ಶಂಕುಸ್ಥಾಪನೆಯಾಯಿತು, ಅದೂ ಚಿಕ್ಕಬಳ್ಳಾಪುರದಲ್ಲಿ. ಸಕಲೇಶಪುರದ ಹಳ್ಳಗಳಿಂದ 24 ಟಿಎಂಸಿ ನೀರೆತ್ತಿ ಬಯಲುಸೀಮೆಗೆ ತರುವ ಲೆಕ್ಕ. ಆ ಹಳ್ಳಗಳು ಕುಮಾರಧಾರೆ ಸೇರಿ ನೇತ್ರಾವತಿಗೆ ಹೋಗುವಂಥವು. ಮಂಗಳೂರು ಸಿಟ್ಟಾಯಿತು. 2016ರಲ್ಲಿ ಅಲ್ಲಿ ಬಂದ್. ಅದೇ ವರ್ಷ ನಮ್ಮ ರೈತರು ಶಾಶ್ವತ ನೀರಾವರಿ ಬೇಕೆಂದು ಟ್ರ್ಯಾಕ್ಟರುಗಳಲ್ಲಿ ಬೆಂಗಳೂರಿಗೆ ಹೊರಟರು. ನನ್ನ 'ಕಳಿಸಿಕೊಡಿ' ಈಗ ಬೇಡಿಕೆಪಟ್ಟಿಯ ಒಂದು ಸಾಲು. ಕಡಲೂರಿನ ಸಂಘಟಕರು ಫೋನಿನಲ್ಲೇ ಹೇಳಿದರು: 'ಬರ್ಬೇಕು ಮಾಷ್ಟ್ರೆ, ಖಂಡಿತ ಬರ್ಬೇಕು. ಆ ನೀರಿನ ವಿಷಯ ಒಂದು ಬೇಡ ಆಯ್ತಾ.' ಹೆಂಡತಿ, ಶುಗರು, ಮೊಬೈಲು ಎಂದು ಎಲ್ಲರೂ ಹೇಳುವುದನ್ನು ನಾನೂ ಹೇಳಿ ಬಂದೆ. ಜನ ನಕ್ಕರು. ಅವರು ಯಾವ ಜಿಲ್ಲೆಯಲ್ಲಿ ಕೂತಿದ್ದರೂ ಅಷ್ಟೇ ನಗುತ್ತಿದ್ದರು.

ಆಗ ಎಲ್ಲ ಚೆನ್ನಾಗಿತ್ತು ಎಂದು ಹೇಳುವ ಉದ್ದೇಶ ನನಗಿಲ್ಲ. ಆಗ ಶಿರಾಡಿ ಘಾಟಿಯಲ್ಲಿ ರಾತ್ರಿ ಬಸ್ಸು, ಬೆಳಿಗ್ಗೆ ನಿಲ್ದಾಣದ ನಲ್ಲಿಯಲ್ಲಿ ಮುಖ ತೊಳೆದು ನೇರ ವೇದಿಕೆ, ಕೊನೆಗೆ ಶಾಲು, ಹಣ್ಣಿನ ತಟ್ಟೆ, ಬಸ್ ಚಾರ್ಜು. ಹಾಸ್ಯಗೋಷ್ಠಿ ಎಂದರೆ ಊಟದ ನಂತರ ಪೆಂಡಾಲು ಖಾಲಿಯಾಗದಂತೆ ತಡೆಯುವ ಉಪಾಯ. 1945ರಲ್ಲಿ ಮದರಾಸಿನ ಸಮ್ಮೇಳನಕ್ಕೆ ಟಿ.ಪಿ. ಕೈಲಾಸಂ ಅವರನ್ನು ಅಧ್ಯಕ್ಷರನ್ನಾಗಿ ಮಾಡಿ ಪರಿಷತ್ತು ನಗಿಸುವವನನ್ನೇ ಕಡಲ ಊರಿನ ಪೀಠದಲ್ಲಿ ಕೂರಿಸಿತ್ತು ನಿಜ. ನಮ್ಮಂಥವರು ಆ ಪೀಠ ಒರೆಸಿದ್ದೂ ಇಲ್ಲ.

ಈಗ ಶನಿವಾರ ಕಾರು ಬರುತ್ತದೆ, ಸಮುದ್ರ ಕಾಣುವ ಕೋಣೆ ಸಿಗುತ್ತದೆ, ಸಂಭಾವನೆ ನೇರ ಖಾತೆಗೆ ಬೀಳುತ್ತದೆ. ಕಾದಂಬರಿಕಾರರ ಸಾಲಿನಲ್ಲೇ ನನ್ನ ಫೋಟೊ. ಕಾಲರಿಗೆ ಮೈಕು, ಎದುರಿಗೆ ಉಳಿದ ನಿಮಿಷ ತೋರಿಸುವ ಗಡಿಯಾರ. ಮೊದಲೆಲ್ಲ ಒಂದು ಜೋಕನ್ನು ಗುಡಿಬಂಡೆಯಲ್ಲಿ ಹೇಳಿ ಕೈವಾರಕ್ಕೆ ಒಯ್ಯುವಷ್ಟರಲ್ಲಿ ತಿದ್ದಿಕೊಳ್ಳಲು ಸಮಯ ಇತ್ತು, ವರ್ಷಗಟ್ಟಲೆ ಬಾಳುತ್ತಿತ್ತು. ಈಗ ಭಾನುವಾರ ಹೇಳಿದ್ದು ಸೋಮವಾರ ಎಲ್ಲರ ಫೋನಿನಲ್ಲಿ. ಮುಂದಿನ ಊರಿನವರು ನನಗಿಂತ ಮುಂಚೆ ಪಂಚ್‌ಲೈನ್ ಹೇಳುತ್ತಾರೆ.

ವಿಚಿತ್ರ ಎಂದರೆ, ನೀರಿನ ಜೋಕು ವಾಪಸು ಬಂದಿದೆ. ಯೋಜನೆಯ ಅಂದಾಜು 12,912 ಕೋಟಿಯಿಂದ 23,251 ಕೋಟಿಗೆ ಏರಿತು. 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದ ಕಡೆ ಪಂಪುಗಳು ಶುರುವಾದವು. ನಮ್ಮ ಕೆರೆಗಳಿಗೆ ಮಾತ್ರ ಇಲ್ಲಿಯವರೆಗೆ ಬಂದಿರುವುದು ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು. ಅಂದರೆ ಚರಂಡಿ ನೀರು ಕಳಿಸಿ ಎಂದು ನಾನು ತಮಾಷೆಗೆ ಕೇಳಿದ್ದನ್ನು ಸರ್ಕಾರ ನೆರವೇರಿಸಿತು, ವಿಳಾಸ ಮಾತ್ರ ಬೇರೆ. ಈಚೆಗೆ ಅದೇ ಕಡಲೂರಿನ ವೇದಿಕೆಯಲ್ಲಿ ಹೇಳಿದೆ: 'ನೀವು ನೀರು ಹೋಯ್ತು ಅಂತೀರಿ. ನಾವು ಬರಲಿಲ್ಲ ಅಂತೀವಿ. ನಿಮ್ಮದೂ ಸತ್ಯ, ನಮ್ಮದೂ ಸತ್ಯ. ಹಾಗಾದರೆ ಮಧ್ಯದಲ್ಲಿ ಕುಡಿದವರು ಯಾರು?' ತಾಳಮದ್ದಳೆಯ ಕಿವಿಗಳು ಕ್ಷಣ ಕಾದು, ಆಮೇಲೆ ಪೂರಾ ನಕ್ಕವು. ಅದನ್ನೇ ಶಿಡ್ಲಘಟ್ಟದಲ್ಲಿ ಹೇಳಿದೆ. ರೀಲರೂ ರೈತನೂ ಒಟ್ಟಿಗೆ ನಕ್ಕರು.

ಪರಸ್ಪರ ಜಗಳವಾಡುತ್ತಿದ್ದ ಎರಡು ಸೀಮೆಯವರು ಒಂದೇ ಸಾಲಿಗೆ ನಗುತ್ತಿರುವುದು ಪ್ರೀತಿ ಹುಟ್ಟಿದ್ದರಿಂದಲ್ಲ, ಮೂರನೆಯವನ ಮೇಲೆ ಅನುಮಾನ ಹುಟ್ಟಿದ್ದರಿಂದ. ನನಗೆ ಅಷ್ಟು ಸಾಕು. ಎತ್ತಿನಹೊಳೆ ನೀರು ನಿಜವಾಗಿ ನಮ್ಮ ಕೆರೆಗೆ ಇಳಿದ ದಿನ ಈ ಜೋಕು ಸಾಯುತ್ತದೆ. ನನ್ನ ಬಳಿ ಇಷ್ಟು ಕಾಲ ಬಾಳಿದ ಸರಕು ಬೇರೆ ಇಲ್ಲ. ಆದರೂ ಆ ನಷ್ಟ ನನಗೆ ಒಪ್ಪಿಗೆ. ಸದ್ಯಕ್ಕೆ ಸಂಘಟಕರು ಮುಂದಿನ ವರ್ಷಕ್ಕೂ ಅದನ್ನೇ ಕೇಳಿದ್ದಾರೆ.